ಫ್ರೀಜ್ ಮಾಡಿಟ್ಟ ಮೂರು ಭ್ರೂಣ: ಸ್ಟೆಮ್ ಸೆಲ್ ಸಂಶೋಧನೆಗೆ ಕೊಡಲೇ, ಬಿಟ್ಟುಬಿಡಲೇ?

ಹರಿಹರದ_ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮದುವೆಯಾಗಿ 7 ವರ್ಷ ನಮಗೆ ಮಕ್ಕಳಿರಲಿಲ್ಲ. 2019ರ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಐವಿಎಫ್ ಮಾಡಿಸಿದೆವು. 11 ಅಂಡಾಣು ಸಿಕ್ಕವು, 8 ಫಲಿತವಾದವು, ಐದನೇ ದಿನಕ್ಕೆ ಉಳಿದದ್ದು 5. ಮೊದಲ ಸಲ ಹಾಕಿದ್ದು ನಿಲ್ಲಲಿಲ್ಲ. ಎರಡನೇ ಸಲದ್ದು ನನ್ನ ಮಗಳು. ಉಳಿದ ಮೂರು ಇವತ್ತಿಗೂ ಅಲ್ಲೇ ಲಿಕ್ವಿಡ್ ನೈಟ್ರೋಜನ್‌ನಲ್ಲಿವೆ. ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಎಂದು ಮೆಸೇಜ್ ಬರುತ್ತದೆ, ಕಟ್ಟುತ್ತೇವೆ. ಈ ವರ್ಷ ಜೊತೆಗೆ ಒಂದು ಫಾರಂ ಬಂತು. ಇನ್ನೂ ಒಂದು ವರ್ಷ ಇಡಬೇಕೇ, ವಿಲೇವಾರಿ ಮಾಡಬೇಕೇ, ಸಂಶೋಧನೆಗೆ ಕೊಡುತ್ತೀರಾ ಎಂದು ಮೂರು ಚೌಕ.

ಮೊದಲ ಸಲ ಹಾಕುವ ದಿನ ಲ್ಯಾಬಿನವರು ನನ್ನ ಕೈಗೊಂದು ಚಿತ್ರ ಕೊಟ್ಟಿದ್ದರು. ಎಟಿಎಂ ಚೀಟಿಯಂಥ ನುಣುಪು ಕಾಗದ. ಅದರಲ್ಲಿ ಐದು ದುಂಡು, ಸೋಪಿನ ಗುಳ್ಳೆಯ ಹಾಗೆ, ಪ್ರತಿಯೊಂದರ ಒಳಗೂ ಒಂದು ಬದಿಗೆ ಅಂಟಿಕೊಂಡ ಪುಟ್ಟ ಮುದ್ದೆ. ಧಾರೆ ಸೀರೆಯ ಮಡಿಕೆಯಲ್ಲಿಟ್ಟಿದ್ದೇನೆ. ಆ ಕಾಗದದ ಅಚ್ಚು ನಿಲ್ಲುವುದಿಲ್ಲವಂತೆ, ಪ್ರತಿ ಸಲ ತೆಗೆದಾಗಲೂ ಇನ್ನಷ್ಟು ಮಾಸಿರುತ್ತದೆ. ಈಗ ಮೂರು ಗೆರೆ ಅಂದಾಜಿಗೆ ಮಾತ್ರ ಕಾಣುತ್ತವೆ. ಮೇಲಿನ ಸಾಲಿನ ಎರಡನೆಯದು ನನ್ನ ಮಗಳು. ಅವಳಿಗೆ ಜಡೆ ಹಾಕುವ ಕೈಯಿಂದಲೇ ಉಳಿದ ಮೂರರ ಮುಂದೆ "ವಿಲೇವಾರಿ" ಅಂತ ಗುರುತು ಹಾಕಲು ಆಗುತ್ತಿಲ್ಲ.

ಇನ್ನೊಂದು ಕಡೆ ಅಪ್ಪ. ಪಾರ್ಕಿನ್‌ಸನ್ಸ್ ಬಂದು 9 ವರ್ಷ. ಪ್ರೈಮರಿ ಶಾಲೆ ಮೇಷ್ಟ್ರು, ಊರಿನ ಅರ್ಧ ಜನಕ್ಕೆ ಕೈ ಹಿಡಿದು ಅ ಆ ಇ ಈ ತಿದ್ದಿಸಿದವರು. ಈಗ ಅವರು ಬರೆದರೆ ಮೊದಲ ಅಕ್ಷರ ನೆಟ್ಟಗಿರುತ್ತದೆ, ಸಾಲು ಮುಗಿಯುವಷ್ಟರಲ್ಲಿ ಇರುವೆಯಷ್ಟು ಚಿಕ್ಕದಾಗಿರುತ್ತದೆ. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ. ಕಾಫಿ ಅರ್ಧ ಲೋಟ ಮಾತ್ರ ಕೊಡುತ್ತೇವೆ, ಅದರಲ್ಲೂ ಅರ್ಧ ಅಂಗಿಯ ಮೇಲೆ. 2025ರಲ್ಲಿ ಅಮೆರಿಕ, ಕೆನಡಾದ 12 ಪಾರ್ಕಿನ್‌ಸನ್ಸ್ ರೋಗಿಗಳ ಮೆದುಳಿಗೆ ಭ್ರೂಣದ ಸ್ಟೆಮ್ ಸೆಲ್‌ನಿಂದ (ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಮೂಲಕೋಶ) ಬೆಳೆಸಿದ ನರಕೋಶ ಹಾಕಿದ ವರದಿ ಓದಿದೆ. ಸುರಕ್ಷಿತವೇ ಎಂದು ನೋಡುವ ಮೊದಲ ಹಂತ ಅಷ್ಟೇ, ಗೊತ್ತು. ಆದರೂ ಅವತ್ತಿಂದ ಆ ಮೂರನೇ ಚೌಕದ ಮೇಲೇ ಕಣ್ಣು.

ನಮ್ಮವರು "ಕೊಟ್ಟ ಮೇಲೆ ಯಾರ ಕೈಗೆ ಹೋಗುತ್ತೋ, ಬಿಟ್ಟುಬಿಡೋಣ" ಅನ್ನುತ್ತಾರೆ. ಅತ್ತೆಗೆ ತಿಳಿಸಿ ಹೇಳಿದೆ, ಅವರು ಬೇಳೆ ಆರಿಸುತ್ತಿದ್ದವರು ಮೊರ ಪಕ್ಕಕ್ಕಿಟ್ಟು "ಅವೂ ನಮ್ಮನೆ ಮಕ್ಕಳೇ ಅಲ್ವೇನೇ" ಅಂದರು. ನನಗೆ ಉತ್ತರ ಬರಲಿಲ್ಲ.

ಇನ್ನೂ ಒಂದಿದೆ. ಅಂಡಾಣು ತೆಗೆದ ದಿನ ಬೆಳಿಗ್ಗೆ ಒಂದು ದಪ್ಪ ಫಾರಂಗೆ ಸಹಿ ಹಾಕಿದ್ದೆ. ಪೂರ್ತಿ ಇಂಗ್ಲಿಷು. ರಾತ್ರಿಯಿಂದ ಹನಿ ನೀರು ಕುಡಿದಿರಲಿಲ್ಲ, ಕೈಗೆ ಸೂಜಿ ಚುಚ್ಚಿ ಆಗಿತ್ತು. ನರ್ಸ್ "ಇಲ್ಲಿ, ಇಲ್ಲಿ, ಇಲ್ಲಿ" ಅಂತ ಬೆರಳಿಟ್ಟಲ್ಲೆಲ್ಲ ಹಾಕಿದೆ. ಮೊನ್ನೆ ಅದರ ನಕಲು ತೆಗೆಸಿ ನೋಡಿದರೆ ಸಂಶೋಧನೆಗೆ ಒಪ್ಪಿಗೆ ಎಂಬ ಸಾಲಿನ ಮುಂದೂ ನನ್ನ ಸಹಿ ಇದೆ! ಅದನ್ನು ಒಪ್ಪಿಗೆ ಅನ್ನುತ್ತಾರಾ?

ಈ ವಿಷಯ ಬಲ್ಲವರು ದಯವಿಟ್ಟು ಹೇಳಿ. ಕೊಟ್ಟರೆ ಅವುಗಳಿಗೆ ಏನಾಗುತ್ತದೆ? ಇದು ತಪ್ಪೇ?

ಲ್ಯಾಬ್_ಸುಮ:

ನಾನು 14 ವರ್ಷ ಎಂಬ್ರಿಯಾಲಜಿಸ್ಟ್, ಅಂದರೆ ಐವಿಎಫ್ ಲ್ಯಾಬಿನಲ್ಲಿ ಭ್ರೂಣ ನೋಡಿಕೊಳ್ಳೋಳು, ಆಗಿದ್ದೆ, ಈಗ ಬಿಟ್ಟಿದ್ದೇನೆ. ಬಣ್ಣ ಹಚ್ಚದೆ ಹೇಳ್ತೀನಿ.

ನಿಮ್ಮ ಚಿತ್ರದ ಗುಳ್ಳೆಗೆ ಬ್ಲಾಸ್ಟೋಸಿಸ್ಟ್ ಅಂತೀವಿ. ಒಂದು ಮಿಲಿಮೀಟರನ್ನು ಹತ್ತು ಭಾಗ ಮಾಡಿದರೆ ಅದರಲ್ಲಿ ಒಂದೆರಡು ಭಾಗದಷ್ಟು ಅಗಲ, ನೂರು ಚಿಲ್ಲರೆ ಕೋಶ. ಹೊರಗಿನ ಪದರ ಮುಂದೆ ಮಾಸು ಆಗುತ್ತೆ, ಒಳಗಿನ ಆ ಮುದ್ದೆ ಮಗು ಆಗುತ್ತೆ. ಸ್ಟೆಮ್ ಸೆಲ್ ತೆಗೆಯೋದು ಆ ಮುದ್ದೆಯಿಂದಲೇ. ತೆಗೆದ ಮೇಲೆ ಭ್ರೂಣ ಉಳಿಯಲ್ಲ. "ಏನೂ ಆಗಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗೇ ವಿಲೇವಾರಿ ಅಂದರೇನು ಅನ್ನೋದನ್ನೂ ತಿಳ್ಕೊಳ್ಳಿ. ಡಬ್ಬದಿಂದ ಭ್ರೂಣ ಇರೋ ಸಣ್ಣ ಕೊಳವೆ, ಅಂದರೆ ಸ್ಟ್ರಾ, ಹೊರಗೆ ತೆಗೆದು, ಮೇಲಿನ ಹೆಸರು, ಸಂಖ್ಯೆಯನ್ನು ಇಬ್ಬರು ಗಟ್ಟಿಯಾಗಿ ಓದಿ ತಾಳೆ ನೋಡಿ, ಟ್ರೇ ಮೇಲೆ ಇಡ್ತೀವಿ. ಮೈನಸ್ 196 ಡಿಗ್ರಿಯಿಂದ ಕೋಣೆಯ ಬಿಸಿಗೆ ಬಂದರೆ ಅಷ್ಟರಲ್ಲಿ ಮುಗೀತು. ನಾನು ಎಷ್ಟೋ ಸಲ ಮಾಡಿದ್ದೀನಿ. ಪ್ರತಿ ಸಲ ಹೆಸರು ಓದುವಾಗ ಗಂಟಲು ಕಟ್ಟುತ್ತಿತ್ತು. ಎರಡು ದಾರಿಯಲ್ಲೂ ಅವು ಉಳಿಯೋದಿಲ್ಲ, ಅಷ್ಟು ಮಾತ್ರ ನಿಜ.

ಎಷ್ಟು ವರ್ಷವಾದರೂ ಇಟ್ಟುಕೊಳ್ಳೋಕೂ ಆಗಲ್ಲ. ಐವಿಎಫ್‌ನಂಥ ಚಿಕಿತ್ಸೆಗಳಿಗಾಗಿ ಇರೋ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಭ್ರೂಣ ಇಡಬಹುದಾದ್ದು ಹೆಚ್ಚೆಂದರೆ 10 ವರ್ಷ. ಆಮೇಲೆ ನಾಶವಾಗಲು ಬಿಡಬೇಕು, ಇಲ್ಲವೇ ದಂಪತಿ ಒಪ್ಪಿದರೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ನಿಮ್ಮದಕ್ಕೆ 2029ರವರೆಗೆ ಸಮಯ ಇದೆ. ಮಾರೋದು, ಕೊಳ್ಳೋದು ಅಪರಾಧ.

ಇನ್ನು "ಸಂಶೋಧನೆ" ಅನ್ನೋ ಒಂದೇ ಪದದೊಳಗೆ ಏನೇನೋ ಇರುತ್ತೆ. ಹೊಸಬರು ಕೈ ಪಳಗಿಸಿಕೊಳ್ಳೋದಕ್ಕೆ ಬಳಸಬಹುದು, ಭ್ರೂಣ ಬೆಳೆಸುವ ದ್ರಾವಣದ ಪರೀಕ್ಷೆಗೆ ಬಳಸಬಹುದು, ಸ್ಟೆಮ್ ಸೆಲ್ ತಳಿ (ಒಂದು ಭ್ರೂಣದಿಂದ ತೆಗೆದು ಲ್ಯಾಬಿನಲ್ಲಿ ಬೆಳೆಸುತ್ತಲೇ ಹೋಗುವ ಕೋಶಗಳು) ಮಾಡೋಕೂ ಬಳಸಬಹುದು. ಯಾವುದಕ್ಕೆ ಅಂತ ಕೇಳಿ ಬರೆಸಿಕೊಳ್ಳಿ. ನಾನು ಕೆಲಸ ಮಾಡಿದ ಎರಡೂ ಕಡೆ ಆ ಚೌಕ ಫಾರಂನಲ್ಲಿತ್ತು, ಆದರೆ ಯಾವ ಸಂಶೋಧನಾ ಸಂಸ್ಥೆಯ ಜೊತೆಗೂ ಒಪ್ಪಂದವೇ ಇರಲಿಲ್ಲ. ಗುರುತು ಹಾಕಿದವರ ಭ್ರೂಣಗಳು ಡಬ್ಬದಲ್ಲೇ ಇದ್ದವು.

ಹಾಗಂತ ನಮ್ಮಲ್ಲಿ ಈ ಕೆಲಸ ನಡೆದೇ ಇಲ್ಲ ಅಂತಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರೋ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮನೀಷಾ ಇನಾಮ್ದಾರ್ ಅವರ ತಂಡ ಎರಡು ತಳಿ ಮಾಡಿತು, ಬಿಜೆಎನ್‌ಹೆಮ್19 ಮತ್ತು 20. ಗರ್ಭಕ್ಕೆ ಹಾಕಲು ಯೋಗ್ಯವಲ್ಲ ಅಂತ ಬಿಟ್ಟ ಭ್ರೂಣಗಳಿಂದ ಮಾಡಿದ್ದು. 2009ರಲ್ಲಿ ಪ್ರಕಟವಾಯಿತು, ಬ್ರಿಟನ್ನಿನ ಸ್ಟೆಮ್ ಸೆಲ್ ಬ್ಯಾಂಕಿಗೂ ಹೋಯಿತು. ಜಗತ್ತಿನಲ್ಲಿ ಆಗ ಹೆಚ್ಚಾಗಿ ಬಳಸುತ್ತಿದ್ದ ತಳಿಗಳಲ್ಲಿ ನಮ್ಮಂಥ ಜನರ ವಂಶವಾಹಿ ಇದ್ದದ್ದೇ ಅಪರೂಪ. ಅದಕ್ಕೇ ನನಗೆ ಆ ಎರಡರ ಬಗ್ಗೆ ಹೆಮ್ಮೆ.

ನಿಮ್ಮ ಅಪ್ಪನಿಗೆ ಇದರಿಂದ ನೇರ ಉಪಯೋಗ ಆಗಲ್ಲ. ಆ ಆಸೆ ಇಟ್ಟುಕೊಂಡು ಕೊಡಬೇಡಿ ಅಕ್ಕ.

ಅಡಿಕೆತೋಟ:

ಕೊಡಬೇಡಿ. ಇಷ್ಟೇ ಹೇಳಿ ಸುಮ್ಮನಾಗೋಣ ಅಂದುಕೊಂಡೆ, ಆಗಲಿಲ್ಲ.

ನನ್ನ ತಮ್ಮ 2014ರಲ್ಲಿ ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಯಾರೋ ಹೇಳಿದರು ಅಂತ ಬೇರೆ ರಾಜ್ಯದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಸ್ಟೆಮ್ ಸೆಲ್ ಇಂಜೆಕ್ಷನ್, 6 ಸಲ ಕೊಟ್ಟರೆ ಎದ್ದು ಓಡಾಡುತ್ತಾನೆ ಅಂದರು. ಒಂದು ಎಕರೆ ತೋಟ ಹೋಯಿತು. ಗಾಜಿನ ಸೀಸೆಯ ಮೇಲೆ ಚೀಟಿಯೇ ಇರಲಿಲ್ಲ. ಒಳಗೆ ಏನಿದೆ, ಯಾರದ್ದು, ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ "ಭ್ರೂಣದ ಸೆಲ್, ತುಂಬಾ ಪವರ್" ಅಂದರು. ನಾಲ್ಕನೇ ಇಂಜೆಕ್ಷನ್ ಆದ ರಾತ್ರಿ ಅವನಿಗೆ ಜ್ವರ ಏರಿ ಬೆನ್ನೆಲ್ಲ ಸೆಟೆದುಕೊಂಡಿತು. ಅವನ ಕಾಲಿನ ಹೆಬ್ಬೆರಳು ಇವತ್ತಿಗೂ ಅಲ್ಲಾಡಿಲ್ಲ. ಅವನು ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ಅದನ್ನೇ ನೋಡುತ್ತಾನೆ, ನಾವು ಯಾರೂ ನೋಡದ ಹಾಗೆ ಇರುತ್ತೇವೆ.

ಆಮೇಲೆ ಒಬ್ಬ ಒಳ್ಳೇ ಡಾಕ್ಟರ್ ತೋರಿಸಿದರು. ರಕ್ತದ ಕಾಯಿಲೆಗಳಿಗೆ ಮಾಡೋ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ಟರೆ, ಒಪ್ಪಿಗೆ ಪಡೆದ ಕ್ಲಿನಿಕಲ್ ಟ್ರಯಲ್ ಹೊರಗೆ ಸ್ಟೆಮ್ ಸೆಲ್ ಕೊಡಲೇಬಾರದು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯಲ್ಲೇ ಇದೆ. ಟ್ರಯಲ್ ಅಂದರೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. 2007ರಲ್ಲಿ ಬಂದ ಮಾರ್ಗಸೂಚಿಯ ಹೆಸರಿನಲ್ಲಿ "ಚಿಕಿತ್ಸೆ" ಅನ್ನುವ ಪದ ಇತ್ತಂತೆ, 2013ರಲ್ಲಿ ಅದನ್ನೇ ಕಿತ್ತು ಹಾಕಿದರಂತೆ. ಅದು ನಮಗೆ ತಿಳಿಯುವಷ್ಟರಲ್ಲಿ ತೋಟ ಕೈಬಿಟ್ಟಿತ್ತು.

ಅಮೆರಿಕದವರು ಭ್ರೂಣಕ್ಕೆ ಆತ್ಮ ಇದೆಯಾ ಅಂತ ಜಗಳ ಆಡಿಕೊಳ್ಳಲಿ. ಇಲ್ಲಿ ಆಗಬೇಕಾದ ಜಗಳ ಇದು.

ಹರಿಹರದ_ಮಗಳು:

ಅಣ್ಣಾ, ಓದಿ ಕಣ್ಣು ತುಂಬಿತು. ನಿಮ್ಮ ತಮ್ಮನಿಗೆ ಆದದ್ದು ಯಾರಿಗೂ ಆಗಬಾರದು. ನನ್ನ ಭ್ರೂಣ ಅಂಥವರ ಸೀಸೆ ಸೇರಬಾರದು ಅನ್ನುವುದೇ ಈಗ ನನ್ನ ಮೊದಲ ಭಯ.

ಮ್ಯಾಡಿಸನ್_ಕನ್ನಡಿಗ:

ಅಡಿಕೆತೋಟ ಅವರ ಸಂಕಟ ಅರ್ಥವಾಗುತ್ತದೆ. ಆದರೆ ಅಮೆರಿಕದ ಜಗಳ ಬರೀ ಆತ್ಮದ್ದಾಗಿರಲಿಲ್ಲ, ಯಾಕೆಂದರೆ ನಾನು ಅದರ ಒಳಗಿದ್ದೆ. 1998ರಲ್ಲಿ ಜೇಮ್ಸ್ ಥಾಮ್ಸನ್ ಮನುಷ್ಯ ಭ್ರೂಣದಿಂದ ಮೊದಲ ಸಲ ಸ್ಟೆಮ್ ಸೆಲ್ ಬೇರ್ಪಡಿಸಿ ಬೆಳೆಸಿದ್ದು ನಾನಿರುವ ಇದೇ ಮ್ಯಾಡಿಸನ್ ಊರಿನ ವಿಶ್ವವಿದ್ಯಾಲಯದಲ್ಲಿ. ನಾನು 2003ರಲ್ಲಿ ಇಲ್ಲಿಗೆ ಬಂದೆ, ಬೇರೊಂದು ಲ್ಯಾಬಿನಲ್ಲಿ ಟೆಕ್ನಿಷಿಯನ್.

2001ರ ಆಗಸ್ಟ್ 9ರ ರಾತ್ರಿ ಅಧ್ಯಕ್ಷ ಬುಷ್ ಟಿವಿಗೆ ಬಂದು, ಆ ಹೊತ್ತಿಗಾಗಲೇ ಇದ್ದ ತಳಿಗಳ ಮೇಲಿನ ಕೆಲಸಕ್ಕೆ ಮಾತ್ರ ಕೇಂದ್ರ ಸರ್ಕಾರದ ದುಡ್ಡು ಎಂದರು. ಗೆರೆ ಎಳೆದದ್ದು ರಾತ್ರಿ 9 ಗಂಟೆಗೆ. 9ಕ್ಕೆ ಮುಂಚೆ ನಾಶವಾದ ಭ್ರೂಣಕ್ಕೆ ಒಂದು ನೀತಿ, ಆಮೇಲಿನದಕ್ಕೆ ಇನ್ನೊಂದು. ಆಗ ಹೊರಬಂದ 64 ತಳಿಗಳ ಪಟ್ಟಿಯಲ್ಲಿ 10 ಭಾರತದವು: ಮುಂಬಯಿಯ ರಿಲಯನ್ಸ್ ಲೈಫ್ ಸೈನ್ಸಸ್‌ನ 7, ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸಂಸ್ಥೆಯ 3. ಊರಲ್ಲಿ ಎಷ್ಟು ಸಂಭ್ರಮ ಇತ್ತು ಅಂತ ನನಗೆ ನೆನಪಿದೆ. ಆದರೆ ಪಟ್ಟಿಯಲ್ಲಿದ್ದ ಮಾತ್ರಕ್ಕೆ ತಳಿ ಕೈಗೆ ಬರುವುದಿಲ್ಲವಲ್ಲ. ಕೊನೆಗೆ ಇಲ್ಲಿನ ಸಂಶೋಧಕರಿಗೆ ಸಿಕ್ಕಿದ್ದು 21, ಅವೂ ಇಲಿಯ ಕೋಶಗಳ ಜೊತೆ ಬೆಳೆಸಿದಂಥವು.

ಅದರ ಫಲ ನಾನು ಕಣ್ಣಾರೆ ಕಂಡದ್ದು: ಒಂದೇ ಕೋಣೆಯಲ್ಲಿ ಎರಡು ಫ್ರಿಜ್, ಎರಡು ಮೈಕ್ರೋಸ್ಕೋಪ್. ಸರ್ಕಾರದ ದುಡ್ಡಿನದಕ್ಕೆ ಹಸಿರು ಚೀಟಿ, ಖಾಸಗಿ ದುಡ್ಡಿನದಕ್ಕೆ ಕೆಂಪು. ಕೆಂಪು ತಳಿ ಹಿಡಿದವನು ಹಸಿರು ಪೆನ್ನು ಮುಟ್ಟಬಾರದು ಅನ್ನುವಷ್ಟು. ಖಾಸಗಿ ದುಡ್ಡಿದ್ದವರು ಕೆಲಸ ಮುಂದುವರಿಸಿದರು. ಹಾರ್ವರ್ಡ್‌ನ ಡಗ್ ಮೆಲ್ಟನ್‌ಗೆ ಇಬ್ಬರು ಮಕ್ಕಳು, ಇಬ್ಬರಿಗೂ ಟೈಪ್ 1 ಡಯಾಬಿಟಿಸ್. ಅವರ ತಂಡ 2004ರಲ್ಲಿ ಖಾಸಗಿ ಹಣದಲ್ಲೇ 17 ಹೊಸ ತಳಿ ಮಾಡಿ ಬೇರೆ ಸಂಶೋಧಕರಿಗೆ ಕೊಟ್ಟಿತು. ಭ್ರೂಣ ಕೊಟ್ಟವರು ಬಾಸ್ಟನ್ನಿನಲ್ಲಿ ಐವಿಎಫ್ ಮಾಡಿಸಿದ್ದ ದಂಪತಿಗಳು. ನಿಮ್ಮ ಹಾಗೆಯೇ ಅವರ ಮುಂದೂ ಒಂದು ಫಾರಂ ಇತ್ತು ತಂಗಿ. 2025ರಲ್ಲಿ ಭ್ರೂಣದ ಸ್ಟೆಮ್ ಸೆಲ್‌ನಿಂದ ಮಾಡಿದ ಇನ್ಸುಲಿನ್ ಕೋಶಗಳನ್ನು ಪೂರ್ತಿ ಪ್ರಮಾಣದಲ್ಲಿ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನೇ ಬಿಟ್ಟಿದ್ದರು. ದೇಹ ತಿರಸ್ಕರಿಸದಿರಲು ಬೇರೆ ಮಾತ್ರೆ ನುಂಗುತ್ತಲೇ ಇರಬೇಕು, ಅದೂ ಸಣ್ಣದಲ್ಲ. ಆದರೂ 1998ರಿಂದ ಅಲ್ಲಿಗೆ ಬರಲು 27 ವರ್ಷ ಹಿಡಿಯಿತು. ಅದರಲ್ಲಿ ಎಷ್ಟು ವರ್ಷ ಚೀಟಿ ಅಂಟಿಸುವುದರಲ್ಲಿ ಹೋಯಿತು ಎಂದು ಯೋಚಿಸಿದರೆ ಸಿಟ್ಟು ಬರುತ್ತದೆ.

ನಿಮ್ಮ ತಂದೆಯವರ ವಿಷಯ ಓದಿ 2006 ನೆನಪಾಯಿತು. ಪಾರ್ಕಿನ್‌ಸನ್ಸ್ ಇರುವ ನಟ ಮೈಕೆಲ್ ಜೆ. ಫಾಕ್ಸ್, ಈ ಸಂಶೋಧನೆ ಬೆಂಬಲಿಸುವ ಅಭ್ಯರ್ಥಿಗೆ ಮತ ಕೊಡಿ ಅಂತ ಟಿವಿ ಜಾಹೀರಾತಿನಲ್ಲಿ ಕೇಳಿಕೊಂಡರು. ಮೈಯೆಲ್ಲ ತೊನೆಯುತ್ತಿತ್ತು. ರಶ್ ಲಿಂಬಾ ಎಂಬ ರೇಡಿಯೋ ಮಾತುಗಾರ, ಮಾತ್ರೆ ತೆಗೆದುಕೊಂಡಿಲ್ಲ, ಇಲ್ಲಾ ನಾಟಕ ಆಡುತ್ತಿದ್ದಾನೆ ಎಂದುಬಿಟ್ಟ. ಆ ತೊನೆತ ಮಾತ್ರೆಯಿಂದಲೇ ಬರುವಂಥದ್ದು. ಮನೆಯಲ್ಲಿ ರೋಗಿ ಇರುವ ನಿಮಗೆ ಹೇಳಬೇಕಿಲ್ಲ.

ಎದುರು ಪಕ್ಷದವರನ್ನೂ ನಾನು ಹೀಯಾಳಿಸುವುದಿಲ್ಲ. ಹೊಸ ತಳಿಗಳಿಗೂ ಸರ್ಕಾರದ ದುಡ್ಡು ಸಿಗಲಿ ಎಂಬ ಮಸೂದೆಗೆ ಅದೇ ವರ್ಷ ಜುಲೈನಲ್ಲಿ ಬುಷ್ ವೀಟೋ ಹಾಕಿದಾಗ ಅಲ್ಲಿ ಸುತ್ತ ಇದ್ದದ್ದು, ಬೇರೆಯವರು ಉಳಿಸಿದ ಭ್ರೂಣಗಳನ್ನು ದತ್ತು ತೆಗೆದುಕೊಂಡು ಹೆತ್ತವರು ಮತ್ತು ಆ ಮಕ್ಕಳು. ಆ ಮಕ್ಕಳ ಮುಖ ನೋಡಿ ಸುಲಭದ ಉತ್ತರ ಕೊಡಲು ನನಗೂ ಬರುವುದಿಲ್ಲ. ನನಗೆ ಒಪ್ಪಿಗೆಯಾಗದ್ದು ಜರ್ಮನಿಯಂಥ ದಾರಿ: ತನ್ನ ನೆಲದಲ್ಲಿ ಭ್ರೂಣದಿಂದ ತಳಿ ಮಾಡಿದರೆ ಅಪರಾಧ, ಗೊತ್ತುಪಡಿಸಿದ ದಿನಾಂಕಕ್ಕೆ ಮುಂಚೆ ಬೇರೆ ದೇಶದವರು ಮಾಡಿದ್ದನ್ನು ತರಿಸಿಕೊಳ್ಳಲು ಮಾತ್ರ ಅನುಮತಿ.

ಜಪಾನಿನ ವಿಜ್ಞಾನಿ ಯಮನಾಕಾ ಚರ್ಮದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಭ್ರೂಣದ ಸ್ಟೆಮ್ ಸೆಲ್‌ನಂತೆ ಮಾಡಿದ ಮೇಲೆ (ಇಲಿಯಲ್ಲಿ 2006, ಮನುಷ್ಯರಲ್ಲಿ 2007) ಭ್ರೂಣದ ಅಗತ್ಯವೇ ಇಲ್ಲ ಎಂದವರು ಬಹಳ. ಅದು ದೊಡ್ಡ ಕೆಲಸ ನಿಜ, 2012ರ ನೊಬೆಲ್ ಸುಮ್ಮನೆ ಬರಲಿಲ್ಲ. ಆದರೆ ಮೇಲೆ ಹೇಳಿದ ಎರಡು 2025ರ ಪ್ರಯೋಗಗಳೂ ಭ್ರೂಣದ ಕೋಶಗಳಿಂದಲೇ ಆದದ್ದು.

ಶಾಸ್ತ್ರಿಮೇಷ್ಟ್ರು:

ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು. ನಿಮ್ಮ ಅತ್ತೆಯವರ ಮಾತಿಗೆ ಉತ್ತರ ಹುಡುಕುತ್ತಿದ್ದೀರಿ, ಅದಕ್ಕಷ್ಟೇ ಬರೆಯುತ್ತೇನಮ್ಮ.

ನಮ್ಮ ಗ್ರಂಥಗಳು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಗರ್ಭೋಪನಿಷತ್ತು ಏಳನೇ ತಿಂಗಳಲ್ಲಿ ಜೀವ ಸೇರುತ್ತದೆ ಎನ್ನುತ್ತದೆ. ಸುಶ್ರುತನು ನಾಲ್ಕನೇ ತಿಂಗಳಲ್ಲಿ ಹೃದಯ ವ್ಯಕ್ತವಾಗುತ್ತದೆ, ಆಗ ತಾಯಿಗೆ ಎರಡು ಹೃದಯ ಎನ್ನುತ್ತಾನೆ. ಬಸುರಿಯ ಬಯಕೆಗೆ ದೌಹೃದ ಎಂಬ ಹೆಸರು ಬಂದದ್ದು ಹಾಗೆ. ಚರಕನಾದರೋ ಶುಕ್ರ (ತಂದೆಯ ಬೀಜ), ಶೋಣಿತ (ತಾಯಿಯ ಅಂಶ), ಜೀವ ಮೂರರ ಸಂಯೋಗ ಮೊದಲಿಗೇ ಆಗುತ್ತದೆ ಎಂಬ ಪಕ್ಷ. ಆದರೆ ಅವನು ಒಂದು ಮಾತು ಸೇರಿಸುತ್ತಾನೆ: ಅದು ಕುಕ್ಷಿಗತವಾದಾಗ, ಅಂದರೆ ಹೊಟ್ಟೆಯೊಳಗಿದ್ದಾಗ, ಅದಕ್ಕೆ ಗರ್ಭವೆಂಬ ಸಂಜ್ಞೆ. ಡಬ್ಬದಲ್ಲಿರುವುದು ಕುಕ್ಷಿಗತವಲ್ಲ. ಅಷ್ಟರಿಂದಲೇ ಕೊಡಬಹುದು ಎಂದು ತೀರ್ಪು ಕೊಡಲು ನನಗೆ ಧೈರ್ಯವಿಲ್ಲ. ಕುಕ್ಷಿಯ ಹೊರಗೆ ಭ್ರೂಣ ಇರಬಹುದೆಂದು ಚರಕ ಕನಸಿನಲ್ಲೂ ಎಣಿಸಿರಲಾರ.

ಬ್ರಿಟನ್ನಿನ ವಾರ್ನಾಕ್ ಸಮಿತಿ 1984ರಲ್ಲಿ, ಸಂಶೋಧನೆಗೆಂದು ಭ್ರೂಣವನ್ನು 14 ದಿನ ಮೀರಿ ಬೆಳೆಸಬಾರದೆಂದು ಗೆರೆ ಹಾಕಿತು, 1990ರಲ್ಲಿ ಅಲ್ಲಿ ಕಾಯ್ದೆಯಾಯಿತು. ನಮ್ಮ ಮಾರ್ಗಸೂಚಿಯೂ ಅದನ್ನೇ ಹಿಡಿದಿದೆ. ಆ ಹೊತ್ತಿನವರೆಗೆ ಒಂದು ಭ್ರೂಣ ಎರಡಾಗಿ ಒಡೆದು ಅವಳಿಯಾಗಬಹುದು, ಇನ್ನೂ "ಒಬ್ಬರು" ಎಂದು ಆಗಿಲ್ಲ ಎಂಬ ತರ್ಕ. ನನಗೆ ಅದು ಗೌರವಿಸಬಹುದಾದ ತರ್ಕವೆಂದು ತೋರುತ್ತದೆ. ನಿಮ್ಮದು ಐದು ದಿನದ್ದು.

ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡಿ. ಅವರು ಹೇಳಿದ್ದು ಶಾಸ್ತ್ರವಲ್ಲ, ಮಮತೆ.

ಲ್ಯಾಬ್_ಸುಮ:

ನಿಮ್ಮ ಹಳೇ ಸಹಿ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಅದೇ ಮುಖ್ಯ. ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ಊ-ಸುಕ್, ಕ್ಲೋನ್ ಮಾಡಿದ ಮನುಷ್ಯ ಭ್ರೂಣದಿಂದ ಸ್ಟೆಮ್ ಸೆಲ್ ತೆಗೆದೆವು ಅಂತ 2004, 2005ರಲ್ಲಿ ಲೇಖನ ಬರೆದು ಜಗತ್ತನ್ನೇ ಬೆರಗುಗೊಳಿಸಿದ್ದರು. 2006ರಲ್ಲಿ ಆ ಎರಡೂ ಲೇಖನ ಸುಳ್ಳು ಅಂತ ಹಿಂದಕ್ಕೆ ತೆಗೆದರು. ಆದರೆ ಮೊದಲು ಬಿರುಕು ಬಿಟ್ಟಿದ್ದು ದತ್ತಾಂಶದಲ್ಲಿ ಅಲ್ಲ, ಒಪ್ಪಿಗೆಯಲ್ಲಿ. ಅವರ ಲ್ಯಾಬಿನಲ್ಲೇ ಕೆಲಸ ಮಾಡುವ ಕಿರಿಯ ಹೆಣ್ಣುಮಕ್ಕಳು ಅಂಡಾಣು ಕೊಟ್ಟಿದ್ದರು. ಮೇಲಿನವರಿಗೆ ಬೇಡ ಅನ್ನೋಕೆ ಆಗುತ್ತಾ? ನಮ್ಮ ಕಾಯ್ದೆಯಲ್ಲಿ ಅಂಡಾಣು ದಾನಿ ಜೀವಮಾನದಲ್ಲಿ ಒಂದೇ ಸಲ, 7ಕ್ಕಿಂತ ಹೆಚ್ಚಿಲ್ಲದಂತೆ ಕೊಡಬಹುದು ಅಂತ ಮಿತಿ ಇದೆ.

ಸೂಜಿ ಚುಚ್ಚಿಕೊಂಡು ಮಲಗಿರುವಾಗ ಬೆರಳಿಟ್ಟಲ್ಲಿ ಹಾಕಿದ ಸಹಿಯನ್ನು ನಾನು ಒಪ್ಪಿಗೆ ಅನ್ನಲ್ಲ. ಅದನ್ನು ಹಿಂದಕ್ಕೆ ತೆಗೆದುಕೊಳ್ತೀವಿ ಅಂತ ಇಬ್ಬರೂ ಬರೆದುಕೊಡಿ. ಆಮೇಲೆ ಬೇಕಿದ್ದರೆ ಹೊಸದಾಗಿ ಕೊಡಿ, ಯಾವ ಸಂಸ್ಥೆ, ಯಾವ ಕೆಲಸ, ಅಲ್ಲಿನ ನೈತಿಕ ಸಮಿತಿ ಒಪ್ಪಿದೆಯೇ ಅಂತ ಕಾಗದದಲ್ಲಿ ನೋಡಿದ ಮೇಲೆ.

ಹರಿಹರದ_ಮಗಳು:

ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಋಣಿ.

ಉತ್ತರಗಳನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. "ನನಗೋಸ್ಕರ ಅಂತ ಕೊಡಬೇಡ, ನನ್ನ ಕಾಲ ಆಯಿತು" ಅಂದರು. ಸ್ವಲ್ಪ ಹೊತ್ತು ಬಿಟ್ಟು "ಆದರೆ ಕೊಡೋದಾದರೆ ಅರ್ಜಿ ಕನ್ನಡದಲ್ಲಿ ಬರಿ, ನಿನಗೆ ಅರ್ಥವಾಗದ್ದಕ್ಕೆ ಇನ್ನೊಂದು ಸಲ ಸಹಿ ಹಾಕಬೇಡ" ಅಂದರು. ಅವರೇ ಹೇಳಿ ಬರೆಸಿದರು, ನಾನು ಬಿಳಿ ಹಾಳೆ ಮೇಲೆ ಬರೆದೆ. 2019ರ ಸಂಶೋಧನೆಯ ಒಪ್ಪಿಗೆ ವಾಪಸ್. ಹೊಸ ಒಪ್ಪಿಗೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಮಾತ್ರ, ಸ್ಟೆಮ್ ಸೆಲ್ ತಳಿ ಮಾಡುವ ಕೆಲಸಕ್ಕೆ ಮಾತ್ರ. ಯಾವ ರೋಗಿಗೂ ದುಡ್ಡಿಗೆ ಕೊಡುವಂತಿಲ್ಲ. ಅಂಥ ಸಂಸ್ಥೆ ಸಿಗದಿದ್ದರೆ ನಮಗೆ ತಿಳಿಸದೆ ಏನೂ ಮಾಡುವಂತಿಲ್ಲ. ಅಡಿಕೆತೋಟ ಅಣ್ಣ, ದುಡ್ಡಿನ ಸಾಲು ನಿಮ್ಮ ತಮ್ಮನ ನೆನಪಿನಿಂದ ಬಂದದ್ದು.

ನಮ್ಮವರು ಎರಡು ಸಲ ಓದಿ ಸಹಿ ಹಾಕಿದರು. ಅತ್ತೆ ಏನೂ ಹೇಳಲಿಲ್ಲ, ಆಸ್ಪತ್ರೆಗೆ ಹೊರಟ ಬೆಳಿಗ್ಗೆ ದೇವರ ಮುಂದೆ ಮೂರು ಹೂವು ಇಟ್ಟಿದ್ದರು.

ಕೌಂಟರಿನಲ್ಲಿ "ನಮ್ಮ ಫಾರಂ ಬಿಟ್ಟು ಬೇರೆ ತಗೊಳ್ಳಲ್ಲ" ಅಂದರು. ಮುಕ್ಕಾಲು ಗಂಟೆ ನಿಂತೆ. ಕೊನೆಗೆ ಒಬ್ಬರು ಹಿರಿಯ ಡಾಕ್ಟರ್ ಬಂದು ಕನ್ನಡದಲ್ಲೇ ಓದಿ, ನಕಲಿನ ಮೇಲೆ ಸೀಲು ಒತ್ತಿಸಿ ಕೊಟ್ಟರು. ಸದ್ಯ ಯಾವ ಸಂಸ್ಥೆಯ ಜೊತೆಗೂ ಒಪ್ಪಂದವಿಲ್ಲ, ವಿಚಾರಿಸಿ ತಿಳಿಸುತ್ತೇವೆ ಎಂದಿದ್ದಾರೆ. ಅಲ್ಲಿಯವರೆಗೆ ಇರಲಿ ಎಂದು ಈ ವರ್ಷದ ಶುಲ್ಕ ಕಟ್ಟಿ ಬಂದೆವು. ಅವರಿಂದ ಪತ್ರ ಬಂದರೆ ಇಲ್ಲೇ ಹಾಕುತ್ತೇನೆ.